ಹೆದರಿದ ಬಾಯಿ, ಬಿಗಿದ ಬಾಯಿ

ನಮ್ಮ ವ್ಯಾನಿನಲ್ಲಿ ಬಾಯಿ ನೋಡುವ ಕ್ರಮ ಹೀಗಿತ್ತು. ಮೊದಲು ಮುಕ್ಕಳಿಸಲು ನೀರು ಕೊಡಬೇಕು. ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆಸಬೇಕು. ಆಮೇಲೆ ಅವರದೇ ಕೈಯ ನಡುವಿನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಟ್ಟುಕೊಳ್ಳಲು ಹೇಳಬೇಕು. ಮೂರೂ ಹಿಡಿದರೆ ಬಾಯಿ ಸರಿಯಾಗಿ ತೆರೆಯುತ್ತದೆ ಎಂದು ಲೆಕ್ಕ. ಎರಡೇ ಹಿಡಿದರೆ ಸಂಶಯ. ನಮ್ಮ ಬೆರಳು ನಡೆಯುವುದಿಲ್ಲ. ದೊಡ್ಡ ಆಳಿನ ಬಾಯಿಗೆ ಅವನದೇ ದಪ್ಪ ಬೆರಳು, ಸಣ್ಣ ಆಳಿನ ಬಾಯಿಗೆ ಆಕೆಯದೇ ಸಣ್ಣ ಬೆರಳು. ಎಲೆ ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಮೈ ಬರಬರುತ್ತ ನಾರುಗಟ್ಟುತ್ತದೆ. ಬಾಯಿ ದಿನಕ್ಕಿಷ್ಟು ಚಿಕ್ಕದಾಗುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೆಲವರಿಗೆ ತಡವಾಗಿರುತ್ತದೆ. ಅದಕ್ಕೇ ಈ ಮೂರು ಬೆರಳು.

ವ್ಯಾನಿನಲ್ಲಿ ನಾವು ಮೂರೇ ಜನ. ನರ್ಸ್ ನಾನು. ದಾವಣಗೆರೆಯಲ್ಲಿ ಓದಿ ಬಂದ ದಂತವೈದ್ಯೆ, ನನ್ನ ಮಗಳ ವಯಸ್ಸಿನವರು. ಮತ್ತು ಡ್ರೈವರ್ ಭಾಯ್. ಅವರ ಮನೆತನದ ಎಲ್ಲರೂ ಕೊಟ್ಟೂರಿನಲ್ಲಿ ಲಾರಿ ರಿಪೇರಿಯವರು. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳನ್ನು ಸರದಿಯಂತೆ ಸುತ್ತುತ್ತಿದ್ದೆವು. ಬಿ.ಪಿ., ಸಕ್ಕರೆ, ಬಾಯಿ, ಈ ಮೂರು ನಮ್ಮ ಕೆಲಸ.

ಆ ವರ್ಷ ಬೇಸಿಗೆ ಶುರುವಾಗುವಾಗ ಆಫೀಸಿನಿಂದ ಒಂದು ಫ್ಲೆಕ್ಸ್ ಬಂತು. ಆಳೆತ್ತರ. ಅದರಲ್ಲಿ ಕ್ಯಾನ್ಸರಿನಿಂದ ಕೆನ್ನೆ ತೂತಾದ ಒಬ್ಬ ಮನುಷ್ಯನ ಮುಖ, ಅದರ ಕೆಳಗೆ ಹುಣ್ಣು ಬಿದ್ದ ನಾಲಿಗೆ. ಭಾಯ್ ಅದನ್ನು ಬಿಚ್ಚಿ ನೋಡಿದವರೇ ಮತ್ತೆ ಸುತ್ತಿದರು.

"ಅಕ್ಕಾ, ಇದನ್ನ ನನ್ನ ಸೀಟಿನ ಹಿಂದ ಕಟ್ಟಬ್ಯಾಡ್ರಿ. ಕನ್ನಡಿಯಾಗ ಲಾರಿ ಕಾಣಬೇಕು, ಇವನಲ್ಲ."

ಬಿ.ಪಿ. ನೋಡುವ ಸ್ಟೂಲಿನ ಎದುರಿನ ಗೋಡೆಗೆ ಕಟ್ಟಿದೆವು. ಖಾಲಿ ಇದ್ದದ್ದು ಅದೊಂದೇ ಜಾಗ. ಆವತ್ತು ಮಧ್ಯಾಹ್ನ ನಾನು ರೊಟ್ಟಿ ಬುತ್ತಿ ಬಿಚ್ಚಿ, ಯಾಕೋ ಏನೋ ಬಾಗಿಲ ಕಡೆ ತಿರುಗಿ ಕುಳಿತು ತಿಂದೆ. ಡಾಕ್ಟರಮ್ಮನೂ ಹಾಗೇ ತಿರುಗಿದ್ದರು. ನಾವಿಬ್ಬರೂ ಆಸ್ಪತ್ರೆಯಲ್ಲಿ ಇದಕ್ಕಿಂತ ಕೆಟ್ಟ ಮುಖ ಕಂಡವರೇ. ಆದರೂ ತಿರುಗಿದೆವು.

ಮೊದಲು ತಲೆ ಕೆಟ್ಟದ್ದು ಕೊಟ್ಟೂರಿನಲ್ಲಿ. ಕುಳಿತವರಿಗೆಲ್ಲ ಬಿ.ಪಿ. ಜಾಸ್ತಿ. ಗಟ್ಟಿಮುಟ್ಟಾದ ಹಮಾಲರು, ಹರೆಯದ ಹುಡುಗಿಯರು, ಎಲ್ಲರದೂ ಏರಿಕೆ. ಊರಿಗೆ ಊರೇ ಒಂದೇ ಸಲ ಉಪ್ಪು ಜಾಸ್ತಿ ತಿಂದಿತೇ? ಬ್ಯಾಟರಿ ಬದಲಿಸಿದೆ. ತೋಳಿಗೆ ಸುತ್ತುವ ಪಟ್ಟಿ ಬದಲಿಸಿದೆ. ನನ್ನದೇ ನೋಡಿಕೊಂಡೆ, ನನಗೂ ಏರಿತ್ತು. ಭಾಯ್‌ನನ್ನು ಕರೆದು ಕೂರಿಸಿದೆ.

"ನಂದ್ಯಾಕ ನೋಡ್ತೀರಿ? ನಾ ಮುಂಜಾನಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೀನಿ, ಏರಿಯೇ ಇರ್ತೈತಿ."

"ನಿನ್ನೆನೂ ತಿಂದಿದ್ದಿ, ಏರಿದ್ದಿಲ್ಲ. ಸುಮ್ನ ಕೂಡು."

ಏರಿತ್ತು. ಅದೇ ಯಂತ್ರ ಹಿಡಿದು ಹೊರಗೆ ಬೇವಿನ ಮರದ ನೆರಳಿಗೆ ಹೋಗಿ, ಸ್ವಲ್ಪ ಹೊತ್ತು ಕೂರಿಸಿ ನೋಡಿದರೆ ಎಂದಿನಂತೆ. ಒಳಗೆ ಬಂದರೆ ಮತ್ತೆ ಏರಿಕೆ. ಸೆಕೆ ಎಂದುಕೊಂಡು ಫ್ಯಾನು ಹಾಕಿದೆ. ವ್ಯಾನಿನ ಮೆಟ್ಟಿಲು ಹತ್ತಿದ ದಣಿವು ಎಂದುಕೊಂಡು ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. ಕೊನೆಗೆ ಒಬ್ಬ ಮುದುಕಿ ತೋಳು ಕೊಟ್ಟು ಕುಳಿತವರು, "ಯವ್ವಾ, ಅವನ ಕಡೆ ನೋಡಬಾರದು ಅಂತೀನಿ, ನೋಡ್ತೀನಿ. ನೋಡಬಾರದು ಅಂತೀನಿ, ನೋಡ್ತೀನಿ," ಎಂದು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡ ಮೇಲೆ ಯಂತ್ರ ಒತ್ತಿ ನೋಡಿದರೆ ಬಿ.ಪಿ. ಇಳಿದಿತ್ತು.

ಡಾಕ್ಟರಮ್ಮ ತಿಳಿಸಿ ಹೇಳಿದರು. "ಹೆದರಿಸೋ ಚಿತ್ರ ಇದ್ರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ ಸಿಸ್ಟರ್. ನಾವು ಬೇಡ ಅಂದ್ರೂ ಹೋಗುತ್ತೆ. ಮನಸ್ಸಿಗೆ ಇದು ಬರೀ ಚಿತ್ರ ಅಂತ ಗೊತ್ತಾಗೋದ್ರೊಳಗೆ ಎದೆ ಬಡಿತ ಏರಿರುತ್ತೆ, ಅಂಗೈ ಬೆವರಿರುತ್ತೆ. ಕೂತಿರೋರು ಸುಳ್ಳು ಹೇಳ್ತಿಲ್ಲ, ಯಂತ್ರನೂ ಸುಳ್ಳು ಹೇಳ್ತಿಲ್ಲ."

ಸ್ಟೂಲನ್ನು ಬಾಗಿಲ ಕಡೆ ತಿರುಗಿಸಿದೆವು. ಈಗ ಫ್ಲೆಕ್ಸ್ ಕುಳಿತವರ ಬೆನ್ನಿಗೆ ಬಂತು. ಬಿ.ಪಿ.ಯ ಗೊಂದಲ ಬಹುಮಟ್ಟಿಗೆ ತೀರಿತು. ಕೆಲವರು ಮಾತ್ರ ತಿರುತಿರುಗಿ ಹಿಂದೆ ನೋಡುತ್ತಿದ್ದರು, ಅವನು ಇನ್ನೂ ಅಲ್ಲೇ ಅದಾನೋ ಇಲ್ಲೋ ಎಂಬಂತೆ.

ಆದರೆ ಬಾಯಿ ನೋಡುವ ಕುರ್ಚಿಯನ್ನು ತಿರುಗಿಸಲು ಬರುವಂತಿರಲಿಲ್ಲ. ದೀಪ ಫ್ಲೆಕ್ಸಿನ ಕಡೆಯೇ ಇತ್ತು. ಅದಲ್ಲದೆ ಆಫೀಸಿನವರು ಕಲಿಸಿದ ಕ್ರಮವೇ ಬೇರೆ ಇತ್ತು: ಮೊದಲು ಚಿತ್ರ ತೋರಿಸಬೇಕು, ರೋಗ ಎಲ್ಲಿ ಹುಟ್ಟುತ್ತದೆಂದು ಅದರಲ್ಲಿ ಬೆರಳಿಟ್ಟು ಹೇಳಬೇಕು, ಆಮೇಲೆ ಅವರ ಮುಖದ ಮೇಲೆ ಅದೇ ಜಾಗ ಮುಟ್ಟಿ ತೋರಿಸಬೇಕು, ಆಮೇಲೆ ಕೈಗೆ ಕನ್ನಡಿ ಕೊಟ್ಟು ತಮ್ಮ ಬಾಯನ್ನು ತಾವೇ ನೋಡಿಕೊಳ್ಳಲು ಕಲಿಸಬೇಕು. ನಾನು ಹಾಗೇ ಮಾಡುತ್ತಿದ್ದೆ. ಮಾಡುತ್ತ ಹೋದಂತೆ ಕೆಲಸ ಕೈಗೆ ಸಿಗದಾಯಿತು. ನಾಲಿಗೆ ಚಾಚಿ ಎಂದರೆ ಕಣ್ಣು ಅಗಲಿಸುವವರು. ನಾಲಿಗೆ ಎತ್ತಿ ಎಂದರೆ ಕೈ ಎತ್ತುವವರು. ಹೇಳಿದ್ದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಮನುಷ್ಯರು ಪೂರ್ತಿ ಆ ತೂತಿನೊಳಗೆ ಹೋಗಿಬಿಟ್ಟಿರುತ್ತಿದ್ದರು. ಮೂರು ಬೆರಳು ಎಂದರೆ ಎರಡೇ ಹಿಡಿಯುತ್ತಿದ್ದವು. ಎರಡು ಹಿಡಿದವರಿಗೆಲ್ಲ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಚೀಟಿ ಬರೆಯಬೇಕೆಂಬ ನಿಯಮ. ಬರೆದೆವು.

ಹೋದವರಲ್ಲಿ ಬಹಳ ಜನ ಏನೂ ಇಲ್ಲವೆಂದು ಹೇಳಿಸಿಕೊಂಡು ಬಂದರು. ಅಲ್ಲಿನ ಕುರ್ಚಿಯಲ್ಲಿ ಕುಳಿತು ಮೂರೂ ಬೆರಳು ಸಲೀಸಾಗಿ ಹಾಕಿಕೊಂಡಿದ್ದರಂತೆ. ದಿನದ ಕೂಲಿ ಹೋಯಿತು, ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದರು. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಒಬ್ಬಾತ ನನ್ನನ್ನು ತರಕಾರಿ ಸಾಲಿನಲ್ಲಿ ನಿಲ್ಲಿಸಿಕೊಂಡು, ನಾಲ್ಕು ಜನರೆದುರು ಬಾಯಿ ಆ ಎಂದು ತೆರೆದು, ಮೂರಲ್ಲ, ನಾಲ್ಕು ಬೆರಳು ಹಾಕಿ ತೋರಿಸಿದ. "ನೋಡ್ರಿ ಸಿಸ್ಟರಮ್ಮ, ಮುಷ್ಟಿನೂ ಹಾಕ್ಲೇನು?" ಎಂದ. ನಕ್ಕು ಬದನೆಕಾಯಿ ಆರಿಸಿದೆ. ಒಳಗೆ ನಗು ಇರಲಿಲ್ಲ. ವ್ಯಾನಿನವರು ಸುಮ್ಮನೆ ಹೆದರಿಸುತ್ತಾರೆ ಎಂಬ ಮಾತು ನಮಗಿಂತ ಮೊದಲೇ ಊರು ಸೇರುತ್ತಿತ್ತು.

ಇಷ್ಟಾದರೂ ಒಂದು ದಾರಿಗೆ ಬರಲಿಲ್ಲ ವಿಷಯ. ಕರಡಿ ಕಾಡಿನ ಅಂಚಿನ ಗುಡೇಕೋಟೆಗೆ ಹೋದಾಗ ಅಲ್ಲಿ ಯಾರೂ ಹೆದರಲೇ ಇಲ್ಲ. ಒಬ್ಬ ಕುರಿಯವರು ಫ್ಲೆಕ್ಸಿನ ಹತ್ತಿರ ಹೋಗಿ ತೂತಿನಲ್ಲಿ ಇಣುಕಿದಂತೆ ನೋಡಿ, "ಇದು ಕರಡಿ ಪರಚಿದ್ದಲ್ಲೇನ್ರಿ?" ಎಂದು ಕೇಳಿದರು. ಅಲ್ಲ, ಗುಟ್ಕಾದ್ದು ಎಂದೆ. "ಓ, ಗುಟ್ಕಾ! ನಾ ಕರಡಿ ಅಂದ್ಕಂಡೆ," ಎಂದು ಸಮಾಧಾನದಿಂದ ಕುಳಿತು ಮೂರು ಬೆರಳು ಹಾಕಿಕೊಂಡರು. ಅವರ ಹಣೆಯಿಂದ ದವಡೆಯವರೆಗೆ ಹಳೆಯ ಗಾಯದ ಗೆರೆ ಇತ್ತು. ಹರಪನಹಳ್ಳಿಯಲ್ಲೊಬ್ಬ ಹರೆಯದವ ಅದೇ ಚಿತ್ರ ನೋಡಿ ಜೇಬಿನ ಗುಟ್ಕಾ ಪೊಟ್ಟಣಗಳನ್ನೆಲ್ಲ ನಮ್ಮ ಕಸದ ಡಬ್ಬಿಗೆ ಸುರಿದು ಹೋದ; ಅವನ ಜೊತೆ ಬಂದವ ಚಿತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಹೊರಗೆ ಹೋಗಿ ಒಂದು ಪೊಟ್ಟಣ ಹರಿದು ಬಾಯಿಗೆ ಹಾಕಿಕೊಂಡ. ಚಿತ್ರ ಒಂದೇ. ಇದರಿಂದ ಏನು ತಿಳಿಯಬೇಕು? ನಾನು ಡಾಕ್ಟರಮ್ಮನನ್ನು ಕೇಳಿದೆ. ಅವರು, "ನನಗೂ ಗೊತ್ತಾಗ್ತಿಲ್ಲ ಸಿಸ್ಟರ್," ಎಂದರು. ಅವರು ಹಾಗೆ ಹೇಳಿದ್ದು ನನಗೆ ಒಂದು ರೀತಿಯಲ್ಲಿ ಧೈರ್ಯ ಕೊಟ್ಟಿತು, ಇನ್ನೊಂದು ರೀತಿಯಲ್ಲಿ ಇದ್ದ ಧೈರ್ಯವನ್ನೂ ಕಸಿಯಿತು.

ಹಡಗಲಿ ಕಡೆಯ ಇಟ್ಟಿಗಿ ಎಂಬ ಊರಿಗೆ ಹೋದದ್ದು ಇದರ ನಡುವೆ. ಶಾಲೆಯ ಹತ್ತಿರ ವ್ಯಾನು ನಿಲ್ಲಿಸಿದ್ದೆವು. ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಬಿ.ಪಿ. ತೋರಿಸಲು ಬಂದರು. ಐವತ್ತರ ಹತ್ತಿರದವರು, ಮೈಗೆ ಒಗ್ಗರಣೆಯ ವಾಸನೆ, ಕೈ ಇನ್ನೂ ಒದ್ದೆ. ಎಲೆ ಅಡಿಕೆ ತಂಬಾಕಿನ ಅಭ್ಯಾಸ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಬಂದದ್ದೇ ಬಂದಿದ್ದೀರಿ, ಬಾಯಿ ತೋರಿಸಿ ಎಂದೆ. ಕುಳಿತರು. ಫ್ಲೆಕ್ಸ್ ನೋಡಿ ಉಸಿರು ಹಿಡಿದರು. ಎರಡು ಬೆರಳು ಹಿಡಿಯಿತು, ಮೂರನೆಯದು ಹೋಗಲಿಲ್ಲ. ಸಣ್ಣ ಕನ್ನಡಿ ಒಳಗಿಟ್ಟು ಟಾರ್ಚು ಬಿಟ್ಟಾಗ ಎಡಗೆನ್ನೆಯ ಒಳಗೆ ಬೆಳ್ಳಗೆ ಏನೋ ಕಂಡಂತಾಯಿತು. ಸುಣ್ಣವೋ, ಕಲೆಯೋ, ದೀಪದ ಹೊಳಪೋ. ಮತ್ತೊಮ್ಮೆ ನೋಡುವಷ್ಟರಲ್ಲಿ ಬಾಯಿ ಮುಚ್ಚಿತು.

ನಾನು ಆಫೀಸಿನವರು ಕಲಿಸಿದ ಕ್ರಮದಂತೆ ಚಿತ್ರದ ಮೇಲೆ ಬೆರಳಿಟ್ಟು, "ನೋಡಕ್ಕಾ, ಇವಗ ಶುರುವಾಗಿದ್ದು ಇಲ್ಲಿ. ನಿಮಗ ಇಲ್ಲಿ," ಎಂದು ಅದೇ ಬೆರಳಿನಿಂದ ಅವರ ಎಡಗೆನ್ನೆ ಮುಟ್ಟಿದೆ.

ಅಕ್ಕ ಕೆನ್ನೆಗೆ ಕೆಂಡ ಬಿದ್ದಂತೆ ಎದ್ದರು. "ಏನ್ ಮಾತಾಡ್ತೀಯವ್ವಾ! ಅವಂದು ತಂದು ನನ್ನ ಮೈಗೆ ಹಚ್ತೀಯೇನು? ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!"

ನಾನು ತಬ್ಬಿಬ್ಬಾಗಿ, "ಅಲ್ಲಕ್ಕಾ, ತೋರಿಸಿದೆ ಅಷ್ಟ," ಎಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಇಳಿದೇಬಿಟ್ಟರು. ಚೀಟಿ ನನ್ನ ಕೈಯಲ್ಲೇ ಉಳಿಯಿತು.

ನನಗೆ ಗೊತ್ತಿಲ್ಲದ್ದೇನಲ್ಲ ಇದು. ಮತ್ತೊಬ್ಬರ ಗಾಯವನ್ನು ಯಾರ ಮೈಮೇಲೂ ತೋರಿಸಬಾರದು ಎಂಬುದು ನಮ್ಮ ಮನೆಯಲ್ಲೂ ಇದ್ದದ್ದೇ. ಯಾರಿಗೋ ಇಲ್ಲಿ ಹೊಲಿಗೆ ಬಿತ್ತು ಎಂದು ನಾನು ನನ್ನ ಮೊಣಕಾಲು ಮುಟ್ಟಿ ಹೇಳಿದರೆ ಅವ್ವ ಕೈ ಮೇಲೆ ಹೊಡೆಯುತ್ತಿದ್ದಳು, "ಗ್ವಾಡಿ ಮ್ಯಾಲೆ ತೋರ್ಸು," ಎನ್ನುತ್ತಿದ್ದಳು. ತಪ್ಪಿ ತೋರಿಸಿದರೆ ಬಿಡ್ತು ಅನ್ನಬೇಕು, ಬಂದದ್ದು ಅಲ್ಲಿಗೇ ಬಿಟ್ಟುಹೋಗಲಿ ಎಂದು. ಗ್ಲೌಸ್ ಹಾಕಿದ ಕೈಗೆ ಅದು ಅನ್ವಯಿಸುವುದಿಲ್ಲ ಎಂದುಕೊಂಡಿದ್ದೆನೋ ಏನೋ. ಅಷ್ಟು ಊರುಗಳಲ್ಲಿ ಅಷ್ಟು ಜನರ ಕೆನ್ನೆ ಮುಟ್ಟಿ ತೋರಿಸಿದ್ದೆ. ಅವರೆಲ್ಲ ಮರ್ಯಾದೆಗೆ ಸುಮ್ಮನಿದ್ದು ಬಾಯಿ ಬಿಗಿಹಿಡಿದಿದ್ದರೇ?

ಈಗ ಕಷ್ಟ ಇದ್ದದ್ದು ಇಲ್ಲಿ. ಆ ಅಕ್ಕನ ಎರಡು ಬೆರಳು ಯಾವುದು? ಹೆದರಿ ಬಿಗಿದದ್ದೋ, ನಾರುಗಟ್ಟಿ ಬಿಗಿದದ್ದೋ? ಹೆದರಿಕೆಯದಾದರೆ ಸುಮ್ಮನೆ ದಾವಣಗೆರೆಗೆ ಅಟ್ಟಿ ಇನ್ನೊಬ್ಬರ ನಗೆಗೆ ಈಡಾಗುವುದು. ಕಾಯಿಲೆಯದಾದರೆ, ಮತ್ತು ಆ ಬಿಳಿಯದು ನಿಜವಾಗಿದ್ದರೆ, ಅವರು ಇನ್ನು ಈ ಜನ್ಮದಲ್ಲಿ ನಮ್ಮ ವ್ಯಾನು ಹತ್ತುವುದಿಲ್ಲ, ಆಸ್ಪತ್ರೆಯ ದಾರಿಯನ್ನೂ ಹಿಡಿಯುವುದಿಲ್ಲ. ಡಾಕ್ಟರಮ್ಮನ ಪ್ರಕಾರ ಹೆದರಿಕೆಯ ಬಿಗಿತ ಹೊತ್ತು ಕಳೆದರೆ ಬಿಡುತ್ತದೆ, ನಾರಿನದು ಬಿಡುವುದಿಲ್ಲ. ಸರಿ, ಆದರೆ ಹೊತ್ತು ಕಳೆಯುವವರೆಗೆ ಕೂರಲು ಅವರೇ ಇಲ್ಲವಲ್ಲ.

ಮುಂದಿನ ಸರದಿಗೆ ಇಟ್ಟಿಗಿಗೆ ಹೋಗುವ ಮೊದಲು ಫ್ಲೆಕ್ಸನ್ನು ಸುತ್ತಿ ಸೀಟಿನ ಕೆಳಗೆ ತಳ್ಳಿದೆವು. ಹೋಗಿ ನಿಲ್ಲಿಸಿದರೆ ಹೊಸ ಫಜೀತಿ. ಆಫೀಸಿನವರು ಅಷ್ಟರಲ್ಲಿ ಅದೇ ಮುಖವನ್ನು ವ್ಯಾನಿನ ಹೊರಮೈಗೂ ಅಂಟಿಸಿ ಕಳಿಸಿದ್ದರು. ಶಾಲೆಯ ಕಡೆ ಆ ಮುಖ ಬರಬಾರದೆಂದು ಭಾಯ್ ವ್ಯಾನನ್ನು ತಿರುಗಿಸಿ, ಚಿತ್ರದ ಮೈ ಹನುಮಪ್ಪನ ಗುಡಿಯ ಗೋಡೆಗೆ ಬರುವಂತೆ ನಿಲ್ಲಿಸಿದರು. ಕಟ್ಟೆಯ ಮೇಲಿದ್ದ ಒಬ್ಬ ಅಜ್ಜ ಆ ಮುಖದ ಕಡೆ ಕೋಲು ಎತ್ತಿದರು.

"ಏಯ್ ಡ್ರೈವರಾ, ದೇವರ ಮಾರಿಗೆ ಆ ಮಾರಿ ಹಿಡೀತೀಯೇನು?"

"ಅಜ್ಜಾರ, ನಿಮ್ಮ ಹನುಮಪ್ಪ ಔಷಧ ಬೇಕಂದ್ರ ಗುಡ್ಡಾನ ಹೊತ್ತು ತಂದಾತ. ಔಷಧದ ವ್ಯಾನು ಬಂದ್ರ ಬ್ಯಾಡಂತಾನೇನ್ರಿ?"

"ವ್ಯಾನು ಬ್ಯಾಡನ್ನಂಗಿಲ್ಲ. ಆ ಮಾರಿ ಬ್ಯಾಡಂತಾನ. ಮುಚ್ಚು ಲೇ."

ಭಾಯ್ ತಮ್ಮ ಹಾಸಿಗೆ ಚಾದರ ತಂದು ಚಿತ್ರದ ಮೇಲೆ ಇಳಿಬಿಟ್ಟು, ಎರಡು ಕಡೆ ಹುರಿಯಿಂದ ಕಟ್ಟಿದರು. ಅಂದಿನಿಂದ ಆ ಚಾದರ ಹಾಗೇ ಇತ್ತು.

ಫ್ಲೆಕ್ಸ್ ಇಲ್ಲದ ಆ ದಿನ ಹೆಚ್ಚಿನವರ ಬಾಯಿ ಮೂರು ಬೆರಳು ಹಿಡಿಯಿತು. ಎಲ್ಲರದೂ ಅಲ್ಲ. ಹಿಂದೊಮ್ಮೆ ನೋಡಿದ್ದ ಕೆಲವರು ಕುರ್ಚಿಯಲ್ಲಿ ಕುಳಿತೊಡನೆ ಖಾಲಿ ಗೋಡೆಯನ್ನೇ ದಿಟ್ಟಿಸುತ್ತಿದ್ದರು. ಚಿತ್ರ ಹೋದರೂ ಅದರ ಜಾಗ ಹೋಗಿರಲಿಲ್ಲ.

ಅಡಿಗೆ ಅಕ್ಕ ಬರಲಿಲ್ಲ. ನಾನು ಅಲ್ಲಿಯೇ ಕುಳಿತು ಯೋಚಿಸಿದೆ. ಬಾಯಿ ನೋಡಬೇಕೆಂದರೆ ಬಾಯಿ ತೆರೆಸಲೇಬೇಕು ಎಂದು ಯಾರು ಹೇಳಿದರು? ಮನುಷ್ಯರು ದಿನಕ್ಕೆಷ್ಟು ಸಲ ತಾವಾಗಿ ಬಾಯಿ ತೆರೆಯುವುದಿಲ್ಲ! ಆಕಳಿಸುತ್ತಾರೆ, ಕೂಗುತ್ತಾರೆ, ಉಣ್ಣುತ್ತಾರೆ. ಹೆದರಿಕೆಯಿಂದ ಬಿಗಿದ ಬಾಯಾದರೆ ಅಡಿಗೆಮನೆಯಲ್ಲಿ ಬಿಗಿದಿರಬೇಕಾಗಿಲ್ಲ. ಡಾಕ್ಟರಮ್ಮನಿಗೆ ಹೇಳಿದೆ. "ಹೋಗಿ ಬನ್ನಿ. ಟಾರ್ಚ್ ತಗೊಂಡು ಹೋಗಬೇಡಿ," ಎಂದರು.

ಏಪ್ರನ್ ಬಿಚ್ಚಿಟ್ಟು ಶಾಲೆಯ ಅಡಿಗೆಕೋಣೆಗೆ ಹೋದೆ. ಅಕ್ಕ ನನ್ನನ್ನು ನೋಡಿ ಸಾರಿನ ಸೌಟು ಹಿಡಿದೇ ನಿಂತರು.

"ಬಾಯಿ ನೋಡಾಕ ಬಂದಿದ್ರ ಹೋಗು. ಉಣ್ಣಾಕ ಬಂದಿದ್ರ ಕೂಡು."

"ಉಣ್ಣಾಕ ಬಂದೀನಿ."

ನಂಬಲಿಲ್ಲ, ಆದರೂ ತಟ್ಟೆ ಕೊಟ್ಟರು. ಮಕ್ಕಳ ಸಾಲಿಗೆ ಬಡಿಸಿ ಮುಗಿದ ಮೇಲೆ ತಾವೂ ಒಂದು ಮೂಲೆಯಲ್ಲಿ ಕುಳಿತರು. ಹೊರಗೆ ನೀರಿನ ತೊಟ್ಟಿಯ ಹತ್ತಿರ ಹುಡುಗರು ಗದ್ದಲ ಮಾಡುತ್ತಿದ್ದರು. "ಲೇ, ನೀರು ಚೆಲ್ಲಬ್ಯಾಡ್ರಲೇ!" ಎಂದು ಕೂಗಿದರು. ಕೂಗು ಜೋರಾಗಿತ್ತು, ಬಾಯಿ ಮಾತ್ರ ಅಗಲವಾಗಲಿಲ್ಲ. ಮುಂದಿನ ಹಲ್ಲುಗಳ ನಡುವಿನಿಂದಲೇ ಹೊರಗೆ ಬಂತು. ಅನ್ನವನ್ನು ಸಾರಿನಲ್ಲಿ ಚೆನ್ನಾಗಿ ಹಿಸುಕಿ, ಸಣ್ಣ ತುತ್ತು ಮಾಡಿ, ಬೆರಳ ತುದಿಯಿಂದ ಬಲಗಡೆಗೆ ತಳ್ಳಿಕೊಂಡು ಉಣ್ಣುತ್ತಿದ್ದರು. ಸಾರು ಎಲ್ಲರಿಗೂ ಒಂದೇ, ತಮ್ಮ ತಟ್ಟೆಗೆ ಮಾತ್ರ ನೀರು ಬೆರೆಸಿಕೊಂಡಿದ್ದರು.

"ಖಾರ ಆಗಂಗಿಲ್ಲೇನಕ್ಕಾ?" ಎಂದೆ.

"ವರ್ಷ ಆತು. ಉರಿ ಹತ್ತೈತಿ."

"ರೊಟ್ಟಿ?"

"ನೆನೆಸಿ ತಿಂತೀನಿ." ತುತ್ತನ್ನು ಇನ್ನೊಮ್ಮೆ ಹಿಸುಕುತ್ತ, "ನನಗ ವಯಸ್ಸಾತಲ್ಲ," ಎಂದರು.

ನನಗಿಂತ ಮೂರು ನಾಲ್ಕು ವರ್ಷ ಸಣ್ಣವರೇ ಇರಬೇಕು. ನಾನು ಸುತ್ತ ನೋಡಿದೆ. ಇಲ್ಲಿ ಯಾವ ಚಿತ್ರವೂ ಇರಲಿಲ್ಲ. ಸುಣ್ಣ ಬಳಿದ ಗೋಡೆ, ಅಕ್ಕಿ ಚೀಲ, ಗ್ಯಾಸಿನ ಸಿಲಿಂಡರು. ಇಲ್ಲೂ ಬಾಯಿ ಅಷ್ಟೇ ಇತ್ತು.

ಊಟ ಮುಗಿಸಿ ತಟ್ಟೆ ತೊಳೆದು ಅವರೆದುರು ಕುಳಿತೆ. ಬೇರೆ ಯಾವ ಮಾತು ಶುರುಮಾಡಿದರೂ ಕೆಡುತ್ತದೆ ಅನ್ನಿಸಿತು. "ಅಕ್ಕಾ, ಆವತ್ತು ನಾ ತಪ್ಪು ಮಾಡಿದೆ. ಬಿಡ್ತು," ಎಂದೆ.

ಅಕ್ಕ ನನ್ನನ್ನೇ ನೋಡಿದರು. "ಇಷ್ಟು ದಿನಕ್ಕ ಅಂದ್ರ ನಡೀತೈತೇನು?"

"ನಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ಅಂದೀನಿ."

"ಡಾಕ್ಟ್ರಮ್ಮನೂ ಅನ್ನಲಿ. ಆ ಪಟ ಆಕಿ ಗಾಡಿಯಾಗ ಇದ್ದದ್ದು."

ಹೋಗಿ ಡಾಕ್ಟರಮ್ಮನನ್ನು ಕರೆತಂದೆ. ದಾರಿಯಲ್ಲಿ ವಿಷಯ ಹೇಳಿದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಬಿಡ್ತು," ಎಂದರು. ಹೇಗೆ ಅನ್ನಬೇಕೋ ಗೊತ್ತಿಲ್ಲದೆ ಇನ್ನೊಮ್ಮೆಯೂ ಅಂದರು. ಅಕ್ಕನಿಗೆ ನಗು ಬಂತು. ನಗುವಾಗಲೂ ಬಾಯಿ ಅಷ್ಟೇ ತೆರೆಯಿತು. ನಾವಿಬ್ಬರೂ ನೋಡಿದೆವು, ಇಬ್ಬರೂ ನೋಡಿಲ್ಲದಂತೆ ಇದ್ದೆವು.

ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ದೊಡ್ಡ ಬಾಯಿ ಬರೆದೆ. ಯಾರದೂ ಅಲ್ಲದ ಬಾಯಿ. ಕೆನ್ನೆ ಎಲ್ಲಿ, ನಾರು ಹೇಗೆ ಕಟ್ಟುತ್ತದೆ, ಬಿಳಿ ಕಲೆ ಎಂದರೇನು ಎಂದು ಗೋಡೆಯ ಮೇಲೇ ತೋರಿಸಿದೆ. ಅಕ್ಕ ಗಮನವಿಟ್ಟು ಕೇಳಿದರು. ಕೇಳುತ್ತಾರೆ ಎಂಬುದೇ ನನಗೆ ಹೊಸದೆನಿಸಿತು. ಫ್ಲೆಕ್ಸಿನ ಎದುರು ಒಬ್ಬರೂ ಹೀಗೆ ಕೇಳಿರಲಿಲ್ಲ. ಕೊನೆಗೆ ತಾವೇ ಎದ್ದು ಇದ್ದಿಲ ಬಾಯಿಯ ಎಡಮೂಲೆಯಲ್ಲಿ ಉಗುರಿಟ್ಟರು.

"ನಂದು ಇಲ್ಲಿ. ನಾಲಿಗಿಗೆ ದೊರಗ ಹತ್ತೈತಿ. ಬ್ಯಾಸಗಿಗಿಂತ ಮೊದಲಿಂದ."

ಅಂದರೆ ಗೊತ್ತಿತ್ತು. ನಮಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆ ಚಿತ್ರ ಅಷ್ಟು ತಾಗಿತೇ? ಗೊತ್ತಿಲ್ಲದವರಿಗೂ ತಾಗಿತ್ತಲ್ಲ? ಈ ಗಂಟು ನನಗೆ ಈಗಲೂ ಬಿಡಿಸಲು ಬಂದಿಲ್ಲ. ಡಾಕ್ಟರಮ್ಮ ಗ್ಲೌಸ್ ಹಾಕಿಕೊಂಡು ಕೆನ್ನೆಯೊಳಗೆ ಬೆರಳಾಡಿಸಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ನಾರು ಇತ್ತು. ಕಲೆಯೂ ಇತ್ತು.

ಅಕ್ಕ ಆಸ್ಪತ್ರೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಜೊತೆಗೆ ನಾನು ಬರಬೇಕು. ರಜೆ ಹಾಕಿ ಹೋದೆ. ಹರಪನಹಳ್ಳಿಗೆ ಬಂದು ಬಸ್ಸು ಬದಲಿಸಿದೆವು. ಕಿಟಕಿಯ ಸೀಟು ಅವರಿಗೆ ಕೊಟ್ಟೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಆ ಆಸ್ಪತ್ರೆಯ ಬಾಯಿ ವಿಭಾಗದ ಪಡಸಾಲೆ ನಾನು ಕಂಡದ್ದೇ. ಗೋಡೆಗೆ ಚಿತ್ರಗಳಿರುತ್ತವೆ. ಚಿತ್ರ ಇರಲಿ, ಬೆಂಚಿನ ಮೇಲೆ ಮನುಷ್ಯರೇ ಕುಳಿತಿರುತ್ತಾರೆ, ಅರ್ಧ ದವಡೆ ತೆಗೆದವರು, ಮೂಗಿನಿಂದ ನಳಿಗೆ ಹಾಕಿದವರು. ಫ್ಲೆಕ್ಸಿಗೇ ಓಡಿದವರು ಅಲ್ಲಿ ನಿಲ್ಲುತ್ತಾರೆಯೇ? ಕಣ್ಣು ಮುಚ್ಚಿಕೊಂಡು ಬನ್ನಿ ಎಂದು ಹೇಳಲು ಬರುತ್ತದೆಯೇ?

ನಾನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತು ತಿರುಗಿ ನೋಡುವಷ್ಟರಲ್ಲಿ ಅಕ್ಕ ಬೆಂಚಿನ ತುದಿಗೆ ಕುಳಿತುಬಿಟ್ಟಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು, ಕೆನ್ನೆಯಿಂದ ಕುತ್ತಿಗೆಯವರೆಗೆ ಬ್ಯಾಂಡೇಜು, ತುಟಿಯ ಒಂದು ಬದಿ ಇಳಿದಿತ್ತು. ನನಗೆ ಅಂಗೈ ಬೆವರಿತು. ನನ್ನ ಕಣ್ಣು ಆ ಬ್ಯಾಂಡೇಜಿಗೆ ಹೋಗುವುದು, ಹಿಂದೆ ಬರುವುದು, ಮತ್ತೆ ಹೋಗುವುದು. ಅಕ್ಕ ಮಾತ್ರ ಆಕೆಯ ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದರು.

"ಏನ್ ಉಣ್ತೀಯವ್ವಾ?"

ಆಕೆ ಕೈಸನ್ನೆಯಲ್ಲಿ ಗಂಜಿ ಎಂದಳು.

"ರಾಗಿದೋ, ಜ್ವಾಳದ್ದೋ?"

ಆಕೆ ಏನೋ ತೊದಲಿದಳು.

"ಜ್ವಾಳದ್ದು ಸೋಸಬೇಕು. ಅಳ್ಳಕ ಬಟ್ಟಿಯಾಗ ಸೋಸು. ತರಿ ಇದ್ರ ಗಾಯಕ್ಕ ಹತ್ತೈತಿ. ಮಜ್ಜಿಗಿ ಹಾಕ್ತೀಯೋ ಇಲ್ಲೋ?"

ನಾನು ಚೀಟಿ ಹಿಡಿದು ನಿಂತೇ ಇದ್ದೆ. ಆ ಫ್ಲೆಕ್ಸಿನ ಮನುಷ್ಯನಿಗೂ ಈಕೆಗೂ ಇದ್ದದ್ದು ಒಂದೇ ರೋಗ. ಅಲ್ಲಿ ಉಸಿರು ಹಿಡಿದ ಇದೇ ಅಕ್ಕ ಇಲ್ಲಿ ಗಂಜಿ ಸೋಸುವುದು ಹೇಳಿಕೊಡುತ್ತಿದ್ದರು. ಆತ ಯಾರೆಂದು ನಮಗೆ ಗೊತ್ತಿರಲಿಲ್ಲ, ಏನು ಉಣ್ಣುತ್ತಿದ್ದ ಎಂದು ಕೇಳಲು ಬರುತ್ತಿರಲಿಲ್ಲ, ಅದಕ್ಕೋ? ಡಾಕ್ಟರಮ್ಮನಿಗೆ ಆಮೇಲೆ ಇದನ್ನು ಹೇಳಿದಾಗ ಅವರು ಇರಬಹುದು ಎಂದರು, ಇಲ್ಲದೆಯೂ ಇರಬಹುದು ಎಂದರು.

ಕಲೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರ ವರದಿ ಮುಂದೆ ಬಂತು. ಇನ್ನೂ ಕೆಟ್ಟಿರಲಿಲ್ಲ, ಕೆಡುವ ದಾರಿಯಲ್ಲಿತ್ತು. ಕತ್ತರಿಸಿ ತೆಗೆದರು. ತಂಬಾಕು, ಅಡಿಕೆ ಎರಡನ್ನೂ ನಿಲ್ಲಿಸಿದ್ದಾರೆ. ಬಾಯಿಗೆ ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಅದನ್ನು ಒಂದು ದಿನ ಮಾಡುತ್ತಾರೆ, ಒಂದು ದಿನ ಮರೆಯುತ್ತಾರೆ. ನಮ್ಮ ವ್ಯಾನಿನ ಕ್ರಮವನ್ನು ನಾವೇ ಬದಲಿಸಿಕೊಂಡೆವು. ಮೊದಲು ಬಾಯಿ, ಆಮೇಲೆ ಇದ್ದಿಲಿನ ಬದಲು ಸೀಮೆಸುಣ್ಣದಿಂದ ಕಪ್ಪು ಹಲಗೆಯ ಮೇಲೆ ಪಾಠ. ಫೋಟೋ ನೋಡಲೇಬೇಕೆಂದು ಕೇಳಿದವರಿಗೆ ಮಾತ್ರ ಕೊನೆಗೆ ಫ್ಲೆಕ್ಸ್. ಇದು ಸರಿಯೋ ತಪ್ಪೋ ನನಗೆ ಖಾತ್ರಿಯಿಲ್ಲ. ಕಸದ ಡಬ್ಬಿಗೆ ಗುಟ್ಕಾ ಸುರಿದು ಹೋದ ಆ ಹುಡುಗ ಆಗಾಗ ನೆನಪಾಗುತ್ತಾನೆ.

ಆ ದಿನ ಆಸ್ಪತ್ರೆಯಲ್ಲಿ ಹೆಸರು ಕೂಗಿದಾಗ ನಾವಿಬ್ಬರೂ ಒಳಗೆ ಹೋದೆವು. ಅಲ್ಲಿನ ಡಾಕ್ಟರು ದಿನವಿಡೀ ಬಾಯಿ ನೋಡಿ ದಣಿದಿದ್ದರು. ನಮ್ಮ ವ್ಯಾನಿನ ಚೀಟಿ ನೋಡಿ, ಇಂಥವು ಬಹಳ ಬಂದಿದ್ದವಲ್ಲ ಎಂಬಂತೆ ನನ್ನ ಕಡೆ ನಕ್ಕರು. ಬೆರಳು ಹಾಕಿಕೊಳ್ಳಲು ಹೇಳಿದರು. ಅಕ್ಕ ಎರಡು ಹಾಕಿಕೊಂಡರು.

"ಇನ್ನೂ ಸ್ವಲ್ಪ ತೆರೀರಿ. ಹೆದರಬೇಡಿ, ಏನೂ ಮಾಡಲ್ಲ."

ಅಕ್ಕ ಬೆರಳು ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡರು.

"ಹೆದರಿದ್ದು ಆವತ್ತು, ಸಾರ್. ಇವತ್ತು ಹೆದರಿಲ್ಲ. ನನ್ನ ಬಾಯೇ ಇಷ್ಟು ಬರೋದು, ನೋಡ್ರಿ."

ಮತ್ತೆ ತೆರೆದರು. ಡಾಕ್ಟರು ನಗುವುದನ್ನು ನಿಲ್ಲಿಸಿ ದೀಪವನ್ನು ಹತ್ತಿರ ಎಳೆದುಕೊಂಡರು.